ಇತಿಹಾಸದ ಸಂಪ್ರಬಂಧ: ಪದವಿಯ ಕೊನೆಯ ವರ್ಷ ವಿದ್ಯಾರ್ಥಿಯಿಂದ ಏನನ್ನು ಬೇಡುತ್ತದೆ?

(ಅದ್ಲಿಯಾದಲ್ಲಿ ಕನ್ನಡ ಕುಟುಂಬಗಳ ಮುಂದೆ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕೊಲ್ಲಿ ನಾಡುಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಮಕ್ಕಳು ಪದವಿ ಶಿಕ್ಷಣಕ್ಕೆಂದು ಹೊರಟಾಗ ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತಾರೆ: ಒಂದು ಎಂಜಿನಿಯರಿಂಗ್, ಇನ್ನೊಂದು ವೈದ್ಯಕೀಯ. ಈ ಎರಡನ್ನೂ ಬಿಟ್ಟು ಇತಿಹಾಸವನ್ನು ಆರಿಸಿಕೊಂಡ ಮಗನೋ ಮಗಳೋ ಮನೆಯಲ್ಲಿದ್ದರೆ, ಅವರು ಓದುವುದೇನು, ಬರೆಯುವುದೇನು ಎಂಬುದು ತಂದೆತಾಯಿಗಳಿಗೆ ಬಹುಮಟ್ಟಿಗೆ ತಿಳಿಯದೆಯೇ ಉಳಿಯುತ್ತದೆ. ಮೂರು ವರ್ಷಗಳ ಕಾಲ ಪರೀಕ್ಷೆ, ಅಂಕ ಎಂದು ಪರಿಚಿತ ಭಾಷೆಯಲ್ಲಿಯೇ ಮಾತು ನಡೆದಿರುತ್ತದೆ. ಕೊನೆಯ ವರ್ಷ ಬಂದೊಡನೆ 'ಥೀಸಿಸ್' ಎಂಬ ಹೊಸ ಶಬ್ದ ಮನೆಯನ್ನು ಹೊಗುತ್ತದೆ. ಪಿಎಚ್.ಡಿ. ಮಾಡುವವರಿಗೆ ಮಾತ್ರ ಇರುವುದೆಂದು ನಾವು ತಿಳಿದಿದ್ದ ಆ ಶಬ್ದ ಇಪ್ಪತ್ತೊಂದು ವರ್ಷದ ಮಕ್ಕಳ ಬಾಯಲ್ಲಿ ಏಕೆ ಬರುತ್ತಿದೆ, ಅದರ ನಿಯಮಗಳೇನು, ಆ ನಿಯಮಗಳ ಹಿಂದಿನ ಕಾರಣಗಳೇನು ಎಂಬುದನ್ನು ವಿವರಿಸುವುದು ಇಂದಿನ ನನ್ನ ಉದ್ದೇಶ.

ಮೊದಲು ಹೆಸರನ್ನು ನೋಡೋಣ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಇದನ್ನು 'ಕ್ಯಾಪ್‌ಸ್ಟೋನ್' ಎನ್ನುತ್ತಾರೆ. ಗೋಡೆಯನ್ನು ಕಟ್ಟಿ ಮುಗಿಸಿದ ಮೇಲೆ ಅದರ ನೆತ್ತಿಯಲ್ಲಿ ಕೂರಿಸುವ ಕಲ್ಲು ಎಂದು ಇದರ ಅರ್ಥ. ನಮ್ಮ ಗುಡಿಗಳ ಕಳಶವನ್ನು ನೆನೆದರೆ ಅರ್ಥವಾದೀತು. ಅದುವರೆಗೆ ಓದಿದ್ದನ್ನೆಲ್ಲ ಒಂದೆಡೆ ತಂದು ವಿದ್ಯಾರ್ಥಿಯು ಸ್ವತಂತ್ರವಾಗಿ ಮಾಡುವ ಒಂದು ಸಂಶೋಧನೆ ಇದು. ಪ್ರಿನ್ಸ್‌ಟನ್‌ನಂಥ ವಿಶ್ವವಿದ್ಯಾನಿಲಯದಲ್ಲಿ ಕಲಾ ಪದವಿಯ ವಿದ್ಯಾರ್ಥಿಗಳಿಗೆಲ್ಲ ಇದು ಕಡ್ಡಾಯ. ಬ್ರಿಟನ್ನಿನಲ್ಲಿ ಇದಕ್ಕೆ 'ಡಿಸರ್ಟೇಷನ್' ಎಂದು ಹೆಸರು. ಸುಮಾರು ಹತ್ತು ಸಾವಿರ ಶಬ್ದಗಳ ಅಳತೆ ಅಲ್ಲಿ ಸಾಮಾನ್ಯ. ಅಮೆರಿಕದಲ್ಲಿ ಒಂದೇ ಸೆಮಿಸ್ಟರಿನ ಕೋರ್ಸ್ ಆದರೆ ಇಪ್ಪತ್ತರಿಂದ ಮೂವತ್ತು ಪುಟ, ವರ್ಷಪೂರ್ತಿ ಮಾಡುವ ಆನರ್ಸ್ ಪ್ರಬಂಧವಾದರೆ ಅದರ ಎರಡು ಮೂರು ಪಟ್ಟು. ಕನ್ನಡದಲ್ಲಿ ಪಿಎಚ್.ಡಿ.ಯ ಬರಹವನ್ನು ಮಹಾಪ್ರಬಂಧ ಎನ್ನುತ್ತೇವಾದ್ದರಿಂದ, ಇದನ್ನು ಸಂಪ್ರಬಂಧ ಎಂದು ಕರೆಯುವುದು ಸೂಕ್ತ.

ಭಾರತದಲ್ಲಿಯೂ ಇದು ಈಗ ಹೊಸದಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪಠ್ಯಕ್ರಮ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಪದವಿಗೆ 160 ಕ್ರೆಡಿಟ್. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನಾ ಮಾರ್ಗವನ್ನು ಆರಿಸಿಕೊಳ್ಳಬಹುದು. ಅವರು ಬರೆಯುವ ಸಂಪ್ರಬಂಧಕ್ಕೆ 12 ಕ್ರೆಡಿಟ್. ದೆಹಲಿ ವಿಶ್ವವಿದ್ಯಾನಿಲಯದಲ್ಲಿ 2022ರಲ್ಲಿ ಸೇರಿದ ವಿದ್ಯಾರ್ಥಿಗಳು 2025ರಲ್ಲಿ ಈ ನಾಲ್ಕನೆಯ ವರ್ಷವನ್ನು ಪ್ರವೇಶಿಸಿದರು. ಕರ್ನಾಟಕದ ಸ್ಥಿತಿ ಬೇರೆ. ನಾಲ್ಕು ವರ್ಷದ ಪದ್ಧತಿಯನ್ನು 2021-22ರಲ್ಲಿಯೇ, ಇತರ ರಾಜ್ಯಗಳಿಗಿಂತ ಮುಂಚಿತವಾಗಿ, ಜಾರಿಗೆ ತಂದ ನಮ್ಮ ರಾಜ್ಯವು 2024-25ರಿಂದ ಮರಳಿ ಮೂರು ವರ್ಷದ ಪದವಿಗೆ ಬಂದಿತು. ಆದ್ದರಿಂದ ಮಕ್ಕಳನ್ನು ಊರಿನ ಕಾಲೇಜಿಗೆ ಕಳುಹಿಸುವವರು ಆ ಕಾಲೇಜು ಯಾವ ಚೌಕಟ್ಟಿನಲ್ಲಿದೆ ಎಂಬುದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಇಲ್ಲಿನ ಶಾಲೆಗಳಲ್ಲಿ ಸಿ.ಬಿ.ಎಸ್.ಇ. ಪಠ್ಯಕ್ರಮದಲ್ಲಿ ಹನ್ನೆರಡನೆಯ ತರಗತಿಯ ಇತಿಹಾಸವನ್ನು ಓದುವವರಿಗೂ 20 ಅಂಕಗಳ ಒಂದು ಪ್ರಾಜೆಕ್ಟ್ ಇದೆ. 'ಅದರದೇ ದೊಡ್ಡ ರೂಪವಲ್ಲವೇ ಇದು?' ಎಂದು ಕೇಳುವವರಿದ್ದಾರೆ. ಶಾಲೆಯ ಪ್ರಾಜೆಕ್ಟಿನಲ್ಲಿ ಹಂಪಿಯ ಬಗ್ಗೆಯೋ ಹರಪ್ಪದ ಬಗ್ಗೆಯೋ ತಿಳಿದಿರುವುದನ್ನು ಸಂಗ್ರಹಿಸಿ, ಚಿತ್ರಗಳನ್ನು ಅಂಟಿಸಿ, ಅಂದವಾಗಿ ಬೈಂಡ್ ಮಾಡಿಸಿ ಕೊಟ್ಟರೆ ಕೆಲಸ ಮುಗಿಯುತ್ತದೆ. (ಬೈಂಡಿಂಗ್ ಕೆಲಸದಲ್ಲಿ ಅಮ್ಮಂದಿರ ಪಾಲು ಎಷ್ಟೆಂಬುದನ್ನು ಇಲ್ಲಿ ಚರ್ಚಿಸುವುದು ಬೇಡ.) ಸಂಪ್ರಬಂಧವಾದರೋ ಸಂಗ್ರಹದಿಂದ ತೃಪ್ತಿಗೊಳ್ಳುವುದಿಲ್ಲ. ಅದಕ್ಕೆ ಒಂದು ಪ್ರಶ್ನೆ ಬೇಕು, ಮತ್ತು ಆ ಪ್ರಶ್ನೆಗೆ ಪುಸ್ತಕಗಳಲ್ಲಿ ಸಿದ್ಧ ಉತ್ತರ ಇರಬಾರದು.

ಇತಿಹಾಸ ವಿಭಾಗಗಳು ಸೆಮಿಸ್ಟರಿನ ಪ್ರಾರಂಭದಲ್ಲಿ ಎರಡು ಮೂರು ಪುಟಗಳ ಒಂದು 'ಪ್ರಸ್ತಾವ'ವನ್ನು ಕೇಳುವುದು ಈ ಪ್ರಶ್ನೆಗಾಗಿಯೇ. ವಿಷಯ ಬೇರೆ, ಪ್ರಶ್ನೆ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಗ್ರಹಿಸುವುದಕ್ಕೆ ಬಹಳ ದಿನ ಹಿಡಿಯುತ್ತದೆ. ನಮಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 'ಕೊಲ್ಲಿ ನಾಡುಗಳಲ್ಲಿ ಕನ್ನಡಿಗರು' ಎಂಬುದು ಒಂದು ವಿಷಯ. ಹತ್ತು ಜನ ಹತ್ತು ವರ್ಷ ಕುಳಿತು ಬರೆದರೂ ಮುಗಿಯದಷ್ಟು ದೊಡ್ಡದು. 'ಬಹರೈನ್‌ನಲ್ಲಿ ಕರಾವಳಿ ಕರ್ನಾಟಕದವರು' ಎಂದರೆ ಸ್ವಲ್ಪ ಕಿರಿದಾಯಿತು. ಆದರೂ ಅದರಲ್ಲಿ ಪ್ರಶ್ನೆಯಿಲ್ಲ. ಈಗ ಹೀಗೆ ಕೇಳೋಣ: 1973ರಲ್ಲಿ ತೈಲದ ಬೆಲೆ ಏರಿದ ನಂತರ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಬಹರೈನ್‌ಗೆ ಬಂದವರು ಕೆಲಸವನ್ನು ಪಡೆದದ್ದು ಬಂಧುಮಿತ್ರರ ಮೂಲಕವೋ, ಮುಂಬಯಿಯ ಏಜೆಂಟರ ಮೂಲಕವೋ? ಏಜೆಂಟರು ಸರಕಾರದಲ್ಲಿ ನೋಂದಾಯಿಸಿಕೊಳ್ಳಲೇಬೇಕೆಂದು ಭಾರತದ 1983ರ ವಲಸೆ ಕಾಯಿದೆಯು ವಿಧಿಸಿದ ಮೇಲೆ ಈ ರೀತಿ ಬದಲಾಯಿತೇ?

ಇದು ಪ್ರಶ್ನೆ. ಇದಕ್ಕೆ ಕಾಲದ ಎಲ್ಲೆ ಇದೆ, ಸ್ಥಳದ ಎಲ್ಲೆ ಇದೆ. ಉತ್ತರ ಹೌದೋ ಅಲ್ಲವೋ ಎಂಬುದು ಬರೆಯುವವನಿಗೂ ಮೊದಲೇ ಗೊತ್ತಿಲ್ಲ. ಉತ್ತರವನ್ನು ಎಲ್ಲಿ ಹುಡುಕಬೇಕೆಂದು ಮಾತ್ರ ಊಹಿಸಬಹುದು: ಹಳೆಯ ಪಾಸ್‌ಪೋರ್ಟುಗಳಲ್ಲಿನ ವಲಸೆ ಮುದ್ರೆಗಳು, ಕೆಲಸದ ಕರಾರುಪತ್ರಗಳು, ಊರಿಗೆ ಬರೆದ ಕಾಗದಗಳು, 1970ರಲ್ಲಿ ಮಣಿಪಾಲದಿಂದ ಹೊರಡಲು ಆರಂಭಿಸಿದ 'ಉದಯವಾಣಿ'ಯಂಥ ಪತ್ರಿಕೆಯ ಹಳೆಯ ಸಂಚಿಕೆಗಳ ಜಾಹೀರಾತು ಪುಟಗಳು, ಆ ಕಾಲದಲ್ಲಿ ಬಂದ ಹಿರಿಯರ ನೆನಪುಗಳು. ಪ್ರಸ್ತಾವವನ್ನು ಓದುವ ಮಾರ್ಗದರ್ಶಕರು ನೋಡುವುದೂ ಇಷ್ಟನ್ನೇ: ಪ್ರಶ್ನೆ ಇದೆಯೇ, ಅದಕ್ಕೆ ಉತ್ತರ ಕೊಡಬಲ್ಲ ಆಕರಗಳು ವಿದ್ಯಾರ್ಥಿಯ ಕೈಗೆ ಎಟುಕುತ್ತವೆಯೇ? ಎರಡನೆಯದು ಇಲ್ಲದಿದ್ದರೆ ಎಷ್ಟು ಸೊಗಸಾದ ಪ್ರಶ್ನೆಯಾದರೂ ಅದನ್ನು ಕೈಬಿಡಲು ಹೇಳುತ್ತಾರೆ. ಇದು ವಿದ್ಯಾರ್ಥಿಗಳಿಗೆ ಕ್ರೂರವಾಗಿ ತೋರುತ್ತದೆ. ಆದರೆ ಮಾರ್ಚ್ ತಿಂಗಳಲ್ಲಿ ಅಳುವುದಕ್ಕಿಂತ ಸೆಪ್ಟೆಂಬರಿನಲ್ಲಿ ಅಳುವುದು ಮೇಲು.

ಇಲ್ಲಿಗೆ 'ಮೂಲ ಆಕರ' ಎಂಬ ಎರಡನೆಯ ನಿಯಮಕ್ಕೆ ಬಂದೆವು. ಸಂಪ್ರಬಂಧದ ವಾದವು ಮುಖ್ಯವಾಗಿ ಮೂಲ ಆಕರಗಳ ಮೇಲೆ, ಅಂದರೆ ಆಯಾ ಕಾಲದಲ್ಲಿಯೇ ಹುಟ್ಟಿದ ದಾಖಲೆಗಳ ಮೇಲೆ ಅಥವಾ ಕಂಡವರ ಹೇಳಿಕೆಗಳ ಮೇಲೆ ನಿಲ್ಲಬೇಕು. ನಂತರದ ವಿದ್ವಾಂಸರ ಗ್ರಂಥಗಳು ಎರಡನೆಯ ಸಾಲಿನವು. ಈ ನಿಯಮದ ಮಹತ್ತ್ವವನ್ನು ತಿಳಿಸಲು ಕನ್ನಡ ಕರಾವಳಿಗೂ ಅರಬ್ ಲೋಕಕ್ಕೂ ಸಂಬಂಧಿಸಿದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನೊಬ್ಬನಿದ್ದ. ಮೂಲತಃ ಉತ್ತರ ಆಫ್ರಿಕದವನು. ಏಡನ್ ಬಂದರಿನಿಂದ ಹೊರಟು ಸುಮಾರು 1132ರ ಹೊತ್ತಿಗೆ ಮಂಗಳೂರಿಗೆ ಬಂದು, ಮಲಬಾರ್ ತೀರದಲ್ಲಿ ಹದಿನೇಳು ವರ್ಷಗಳ ಕಾಲ ವ್ಯಾಪಾರ ಮಾಡಿದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದ. ಅಶು ಎಂಬ ಈ ನಾಡಿನ ಹೆಣ್ಣಿನೊಡನೆ ಸಂಸಾರ ಹೂಡಿದ. 1149ರಲ್ಲಿ ಏಡನ್‌ಗೆ ಮರಳಿದ. ಇವನು ರಾಜನಲ್ಲ. ಇವನ ಹೆಸರಿನಲ್ಲಿ ಶಾಸನವಿಲ್ಲ. ಆದರೂ ಇವನು ಏನನ್ನು ಕೊಂಡ, ಏನನ್ನು ಮಾರಿದ, ಏಡನ್ನಿನ ಸ್ನೇಹಿತರಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ತರಿಸಿಕೊಂಡ ಎಂಬುದು ನಮಗೆ ಗೊತ್ತಿದೆ. ಇಲ್ಲಿಂದ ಕಬ್ಬಿಣ, ಮೆಣಸು, ಅಡಕೆ ಹೋದದ್ದೂ ಗೊತ್ತಿದೆ.

ಇದು ತಿಳಿದುಬಂದ ಬಗೆ ಹೀಗೆ. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ನಾಶಪಡಿಸಬಾರದೆಂಬ ಸಂಪ್ರದಾಯ ಯೆಹೂದಿಗಳಲ್ಲಿತ್ತು. ಆದ್ದರಿಂದ ಕೈರೋ ಬಳಿಯ ಫುಸ್ತಾತ್‌ನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ, ಗೆನಿಜಾ ಎಂದು ಅದರ ಹೆಸರು, ಬೇಡವಾದ ಕಾಗದಗಳನ್ನು ಶತಮಾನಗಳ ಕಾಲ ಹಾಕುತ್ತ ಬಂದರು. ಅದರಲ್ಲಿ ಧರ್ಮಗ್ರಂಥದ ಹಾಳೆಗಳಿದ್ದಂತೆಯೇ ವರ್ತಕರ ಪತ್ರಗಳು, ಲೆಕ್ಕದ ಚೀಟಿಗಳು, ಮದುವೆಯ ಕರಾರುಗಳು ಎಲ್ಲವೂ ಇದ್ದವು. ವಿದ್ವಾಂಸ ಸಾಲೊಮನ್ ಶೆಕ್ಟರ್ 1897ರಲ್ಲಿ ಲಕ್ಷಕ್ಕೂ ಮೀರಿದ ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದ. ಆಮೇಲೆ ಎಸ್. ಡಿ. ಗೊಯ್ಟೈನ್ ಎಂಬ ಮಹಾವಿದ್ವಾಂಸ ಈ ರಾಶಿಯಲ್ಲಿ ಚದುರಿಹೋಗಿದ್ದ ಹಿಂದೂ ಮಹಾಸಾಗರದ ವರ್ತಕರ ಪತ್ರಗಳನ್ನು ಒಂದೊಂದಾಗಿ ಗುರುತಿಸಿ ಓದಿದ.

ಆ ಪತ್ರಗಳಲ್ಲಿ ಬೆನ್ ಯಿಜುವಿನ ಸೇವಕನೊಬ್ಬನ ಉಲ್ಲೇಖ ಬರುತ್ತದೆ. ಯಜಮಾನನ ವ್ಯವಹಾರಕ್ಕಾಗಿ ಮಂಗಳೂರಿನಿಂದ ಏಡನ್‌ಗೆ ಹೋಗಿಬರುತ್ತಿದ್ದವನು ಅವನು. ಏಡನ್ನಿನ ವರ್ತಕರು ತಮ್ಮ ಪತ್ರದಲ್ಲಿ ಅವನಿಗೂ ಕ್ಷೇಮಸಮಾಚಾರ ಹೇಳಿಕಳುಹಿಸುತ್ತಾರೆ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಸ್ವರಗಳನ್ನು ಬರೆಯದ ಆ ಬರವಣಿಗೆಯಲ್ಲಿ ಅವನ ಹೆಸರಿನ ವ್ಯಂಜನಗಳಷ್ಟೇ ಉಳಿದಿದ್ದವು. ಲೇಖಕ ಅಮಿತಾವ್ ಘೋಷ್ ಈ ಸೇವಕನ ಬೆನ್ನು ಹತ್ತಿ ಅರಬ್ಬಿ ಕಲಿತು, ಈಜಿಪ್ಟಿನ ಹಳ್ಳಿಯಲ್ಲಿ ವಾಸವಿದ್ದು, ಕೊನೆಗೆ ಮಂಗಳೂರಿಗೆ ಬಂದರು. ಇಲ್ಲಿ ಪ್ರಾಧ್ಯಾಪಕ ಬಿ. ಎ. ವಿವೇಕ ರೈ ಅವರೊಡನೆ ನಡೆದ ಚರ್ಚೆಯಲ್ಲಿ ಆ ಹೆಸರು 'ಬೊಮ್ಮ' ಎಂಬ ಅಭಿಪ್ರಾಯಕ್ಕೆ ಬಂದರು. ಕೇಂಬ್ರಿಜ್ ಮತ್ತು ಜೆರೂಸಲೇಮಿನ ಪುಸ್ತಕ ಭಂಡಾರಗಳು ಕೊಡಲಾಗದ ಒಂದು ಸ್ವರವನ್ನು ತುಳುನಾಡಿನ ಜನರ ಹೆಸರುಗಳ ಪರಿಚಯ ಕೊಟ್ಟಿತು. 1992ರಲ್ಲಿ ಘೋಷ್ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಪುಸ್ತಕ ಪ್ರಕಟವಾಯಿತು.

ಈ ಪ್ರಸಂಗದಲ್ಲಿ ಬರುವ ಪತ್ರಗಳನ್ನು ಬರೆದವರಾರೂ ಇತಿಹಾಸಕ್ಕಾಗಿ ಬರೆಯಲಿಲ್ಲ. ಸರಕು ತಲಪಿತೇ, ಹಣ ಬಂತೇ, ಮಕ್ಕಳು ಕುಶಲವೇ ಎಂದು ಕೇಳುವುದಕ್ಕೆ ಬರೆದರು. ನಮ್ಮ ಮನೆಗಳಲ್ಲಿರುವ ಏರೋಗ್ರಾಮ್‌ಗಳಲ್ಲಿ ಇರುವುದೂ ಇವೇ ಮೂರು ಪ್ರಶ್ನೆಗಳು.

ಆದರೆ ಆಕರ ಸಿಕ್ಕಿದೊಡನೆ ಅದನ್ನು ನಂಬಿಬಿಡುವಂತಿಲ್ಲ. ಸಂಪ್ರಬಂಧದ ಮೂರನೆಯ ಬೇಡಿಕೆ ಆಕರ ವಿಮರ್ಶೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಕ್ರಿ.ಶ. 634-35ರಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯಿಂದ ಹರ್ಷವರ್ಧನನು ಸೋತು ತನ್ನ ಹೆಸರಿನ ಹರ್ಷವನ್ನೇ ಕಳೆದುಕೊಂಡನೆಂದು ಚಮತ್ಕಾರವಾಗಿ ಹೇಳುತ್ತದೆ. ನಾವೆಲ್ಲ ಶಾಲೆಯಲ್ಲಿ ಇದನ್ನು ಓದಿ ಹೆಮ್ಮೆಪಟ್ಟವರೇ. ಆದರೆ ಬರೆದವನು ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ತನ್ನ ದೊರೆ ಸೋತನೆಂದು ಬರೆಯುವ ಆಸ್ಥಾನಕವಿಯನ್ನು ಯಾವ ದೇಶದಲ್ಲಿಯೂ ಕಾಣೆವು. ಹಾಗಾದರೆ ನಂಬುವುದು ಹೇಗೆ? ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಹರ್ಷನ ಆದರಕ್ಕೆ ಪಾತ್ರನಾದವನು. ಚಾಲುಕ್ಯರನ್ನು ಹೊಗಳಬೇಕಾದ ಹಂಗು ಅವನಿಗಿರಲಿಲ್ಲ. ಅವನೂ ಹರ್ಷನಿಗೆ ಈ ನಾಡನ್ನು ಅಧೀನಪಡಿಸಿಕೊಳ್ಳಲಾಗಲಿಲ್ಲ ಎಂದು ಬರೆದಿದ್ದಾನೆ. ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷ್ಯಗಳು ಒಂದೇ ಮಾತನ್ನು ಹೇಳಿದಾಗ ಇತಿಹಾಸಕಾರನಿಗೆ ಧೈರ್ಯ ಬರುತ್ತದೆ. ಇನ್ನು ಯುದ್ಧ ನಡೆದ ಕಾಲ ಯಾವುದು? ಐಹೊಳೆಯ ಶಾಸನ ಅದನ್ನು ಹೇಳುವುದಿಲ್ಲವಾದ್ದರಿಂದ ಕ್ರಿ.ಶ. 630ರ ನಂತರವೆಂದು ವಾದಿಸಿದ ವಿದ್ವಾಂಸರೂ ಇದ್ದರು. ಈಚೆಗೆ ಬೆಳಕಿಗೆ ಬಂದ, ಕ್ರಿ.ಶ. 619ರ ಏಪ್ರಿಲ್ ತಿಂಗಳ ಬಿಜಾಪುರ-ಮುಂಬಯಿ ತಾಮ್ರಪಟದಲ್ಲಿಯೇ ಹರ್ಷನ ಸೋಲಿನ ಉಲ್ಲೇಖವಿರುವುದರಿಂದ, ಯುದ್ಧವು ಅದಕ್ಕೂ ಮೊದಲು ನಡೆದಿರಬೇಕೆಂದು ಈಗ ಹೇಳಬಹುದಾಗಿದೆ.

ಹಿಂದಿನ ವಿದ್ವಾಂಸರು ಏನು ಹೇಳಿದ್ದಾರೆಂಬುದನ್ನು ಒಂದು ಅಧ್ಯಾಯದಲ್ಲಿ ಚರ್ಚಿಸಬೇಕೆಂಬ ನಿಯಮವೂ ಇದೆ. ಇದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಪುಸ್ತಕಗಳ ಸಾರಾಂಶಗಳ ಮಾಲೆಯಾಗಿ ಬರೆದುಬಿಡುತ್ತಾರೆ. ಅಧ್ಯಾಪಕರು ಬಯಸುವುದು ಅದನ್ನಲ್ಲ. ಯಾರು ಯಾರೊಡನೆ ಎಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದಾರೆ, ತನ್ನ ಪ್ರಶ್ನೆ ಆ ಚರ್ಚೆಯಲ್ಲಿ ಎಲ್ಲಿ ಕುಳಿತುಕೊಳ್ಳುತ್ತದೆ ಎಂಬುದನ್ನು. ಇದಕ್ಕೆ ಪೂರ್ವಸಿದ್ಧತೆಯಾಗಿ ಟಿಪ್ಪಣಿಸಹಿತ ಗ್ರಂಥಸೂಚಿಯೊಂದನ್ನು ಕೇಳುವುದುಂಟು: ಪ್ರತಿ ಪುಸ್ತಕದ ಕೆಳಗೆ ಅದು ತನಗೆ ಏಕೆ ಬೇಕು ಎಂದು ನಾಲ್ಕಾರು ಸಾಲು.

ಇನ್ನು ಅಡಿಟಿಪ್ಪಣಿ. ಎಲ್ಲ ವಿದ್ಯಾರ್ಥಿಗಳೂ ದ್ವೇಷಿಸುವ ನಿಯಮ ಇದೊಂದೇ ಇರಬೇಕು. ಇತಿಹಾಸ ವಿಭಾಗಗಳಲ್ಲಿ ಬಹಳಷ್ಟು ಕಡೆ 'ಶಿಕಾಗೊ' ಪದ್ಧತಿ ರೂಢಿಯಲ್ಲಿದೆ. ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಪ್ರಬಂಧಗಳನ್ನು ಪರಿಶೀಲಿಸುವ ಕಾರ್ಯದರ್ಶಿಯಾಗಿದ್ದ ಕೇಟ್ ಟುರೇಬಿಯನ್ ಎಂಬ ಮಹಿಳೆ 1937ರಲ್ಲಿ ವಿದ್ಯಾರ್ಥಿಗಳಿಗೆಂದು ಒಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸಿದರು. ಅದೇ ಮತ್ತೆ ಮತ್ತೆ ಪರಿಷ್ಕರಣಗೊಂಡು ಇಂದಿಗೂ ಬಳಕೆಯಲ್ಲಿದೆ. ಆಕೆ ಸ್ವತಃ ಪ್ರಾಧ್ಯಾಪಕಿಯಲ್ಲ. ಸಾವಿರಾರು ಪ್ರಬಂಧಗಳ ಅಡ್ಡಾದಿಡ್ಡಿ ಟಿಪ್ಪಣಿಗಳನ್ನು ತಿದ್ದಿ ಬೇಸತ್ತವರು. ಲೇಖಕನ ಹೆಸರು, ಗ್ರಂಥದ ಹೆಸರು, ಪ್ರಕಟಣ ಸ್ಥಳ, ವರ್ಷ, ಪುಟ ಎಂಬ ಕ್ರಮದಲ್ಲಿ ಅಲ್ಪವಿರಾಮ ಎಲ್ಲಿರಬೇಕು ಎಂಬುದಕ್ಕೂ ಅದರಲ್ಲಿ ನಿಯಮವಿದೆ.

ಅಲ್ಪವಿರಾಮದ ವಿಷಯ ಹಾಗಿರಲಿ. ಅಡಿಟಿಪ್ಪಣಿಯ ತಿರುಳು ಇಷ್ಟೇ: ನಾನು ಹೇಳಿದ ಮಾತನ್ನು ಓದುಗನು ನಂಬಬೇಕಾಗಿಲ್ಲ, ನಾನು ನಡೆದ ದಾರಿಯಲ್ಲಿ ನಡೆದು ತಾನೇ ನೋಡಬಹುದು. ಕನ್ನಡ ನಾಡಿಗೆ ಇದು ಅಪರಿಚಿತವಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಸಂಪುಟದಿಂದ ಪ್ರಾರಂಭಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯಲ್ಲಿ ಸಾವಿರಾರು ಶಾಸನಗಳನ್ನು ಪ್ರಕಟಿಸಿದಾಗ, ಅವುಗಳನ್ನು ತಾಲ್ಲೂಕುವಾರು ಸಂಖ್ಯೆಗಳಲ್ಲಿ ಜೋಡಿಸಿ, ಕಲ್ಲು ಯಾವ ಗ್ರಾಮದಲ್ಲಿ, ಯಾವ ಜಾಗದಲ್ಲಿದೆ ಎಂಬುದನ್ನು ನಮೂದಿಸಿದ. ಊರಿನ ಹೊಲದಲ್ಲಿಯೋ ಗುಡಿಯ ಮುಂದೆಯೋ ನಿಂತ ಕಲ್ಲನ್ನು ಹುಡುಕಿಕೊಂಡು ಹೋಗಿ, ರೈಸ್ ಓದಿದ್ದು ಸರಿಯೇ ಎಂದು ಪರೀಕ್ಷಿಸುವ ಸ್ವಾತಂತ್ರ್ಯ ಹೀಗೆ ಎಲ್ಲರಿಗೂ ದೊರೆಯಿತು. ಮುಂದಿನವರು ಅವನ ಪಾಠಗಳನ್ನು ತಿದ್ದಿದ್ದೂ ಉಂಟು; ತಿದ್ದಲು ಸಾಧ್ಯವಾದದ್ದೇ ಆ ನಮೂದುಗಳಿಂದ.

ಕೃತಿಚೌರ್ಯವನ್ನು ವಿಶ್ವವಿದ್ಯಾನಿಲಯಗಳು ಅಷ್ಟು ಕಠಿಣವಾಗಿ ಶಿಕ್ಷಿಸುವುದು ಏಕೆಂಬುದೂ ಇದರಿಂದ ತಿಳಿಯುತ್ತದೆ. ಇನ್ನೊಬ್ಬರ ವಾಕ್ಯವನ್ನು ಉದ್ಧರಣ ಚಿಹ್ನೆಯಿಲ್ಲದೆ ಎತ್ತಿಕೊಂಡರೆ ದಾರಿ ಅಳಿಸಿಹೋಗುತ್ತದೆ. ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದೊಡನೆ ಪುಟಗಟ್ಟಲೆ ಬರೆದುಕೊಡುತ್ತವೆ. ಅವು ಕೊಡುವ ಅಡಿಟಿಪ್ಪಣಿಗಳಲ್ಲಿ ಎಂದೂ ಪ್ರಕಟವಾಗದ ಪುಸ್ತಕಗಳು, ಇಲ್ಲದ ಪುಟಗಳು ಇರುವುದುಂಟು. ಇದರ ಬಳಕೆಯ ಬಗ್ಗೆ ಒಂದೊಂದು ವಿಭಾಗದ ನಿಯಮ ಒಂದೊಂದು ಬಗೆಯಾಗಿದೆ. ಬರೆಯಲು ತೊಡಗುವ ಮೊದಲೇ ಅದನ್ನು ಕೇಳಿ ತಿಳಿದುಕೊಳ್ಳಬೇಕು. ಟಿಪ್ಪಣಿಯಲ್ಲಿ ಹೆಸರಿಸಿದ ಪ್ರತಿಯೊಂದು ಆಕರವನ್ನೂ ತಾನು ಕಣ್ಣಾರೆ ನೋಡಿರಬೇಕೆಂಬ ಹಳೆಯ ಕಟ್ಟಳೆ ಮಾತ್ರ ಎಲ್ಲೆಡೆಯೂ ಒಂದೇ.

ಈಗ ಬಹರೈನ್‌ಗೆ ಬರೋಣ. ಇಲ್ಲಿ ಬೆಳೆದ ವಿದ್ಯಾರ್ಥಿಗೆ ಬೇರೆಯವರಿಗೆ ಇಲ್ಲದ ಒಂದು ಅನುಕೂಲವಿದೆ. ಬ್ರಿಟಿಷರ ಕಾಲದಲ್ಲಿ ಕೊಲ್ಲಿಯ ರೆಸಿಡೆನ್ಸಿಯು ಭಾರತ ಸರಕಾರದ ಕೈಕೆಳಗಿತ್ತು. 1873ರವರೆಗಂತೂ ಮುಂಬಯಿ ಸರಕಾರದ ಅಧೀನದಲ್ಲಿಯೇ ಇತ್ತು. ಧಾರವಾಡ, ಬೆಳಗಾವಿಗಳನ್ನು ಆಳುತ್ತಿದ್ದ ಕಚೇರಿಯೇ ಈ ಸಮುದ್ರದ ರಾಜಕೀಯವನ್ನೂ ನೋಡಿಕೊಳ್ಳುತ್ತಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾದೀತು. 1965ರಲ್ಲಿ ದಿನಾರ್ ಬರುವವರೆಗೆ ಇಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿ. 1959ರಿಂದ ಕೊಲ್ಲಿಗೆಂದೇ ಭಾರತೀಯ ರಿಸರ್ವ್ ಬ್ಯಾಂಕು ಬೇರೆ ಬಣ್ಣದ ನೋಟುಗಳನ್ನು ಮುದ್ರಿಸಿತು. ಬಹರೈನ್‌ನ ಬ್ರಿಟಿಷ್ ಏಜೆನ್ಸಿಯ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಬಹುಭಾಗವನ್ನು 2014ರಲ್ಲಿ ಪ್ರಾರಂಭವಾದ ಕತಾರ್ ಡಿಜಿಟಲ್ ಲೈಬ್ರರಿಯ ಮೂಲಕ ಮನೆಯಲ್ಲಿ ಕುಳಿತೇ, ಹಣ ಕೊಡದೆ ಓದಬಹುದು. ಲೋರಿಮರ್ ಸಂಪಾದಿಸಿದ ಪರ್ಷಿಯನ್ ಕೊಲ್ಲಿಯ ಗೆಜೆಟಿಯರ್ ಕೂಡ ಅಲ್ಲಿದೆ. ಹಿಂದೆ ಲಂಡನ್ನಿಗೆ ಹೋಗದೆ ಆಗದಿದ್ದ ಸಂಶೋಧನೆ ಇಂದು ಪದವಿ ವಿದ್ಯಾರ್ಥಿಯ ಕೈಗೆ ಎಟುಕಿದೆ.

ಆದರೆ ಆ ಕಡತಗಳಲ್ಲಿ ಮಾತಾಡುವವರು ಅಧಿಕಾರಿಗಳು. ಪತ್ರ ಬರೆದವರು ರಾಜಕೀಯ ಏಜೆಂಟರು, ತೈಲ ಕಂಪನಿಯವರು, ದೊಡ್ಡ ವರ್ತಕರು. ಮೇಲಾಗಿ 1971ರ ಆಗಸ್ಟಿನಲ್ಲಿ ಬಹರೈನ್ ಸ್ವತಂತ್ರವಾದ ಮೇಲೆ ಆ ಬಗೆಯ ಕಡತಗಳು ನಿಂತುಹೋದವು. ನಮ್ಮವರು ಹೆಚ್ಚಿನ ಸಂಖ್ಯೆಯಲ್ಲಿ ಬಂದದ್ದು ಆಮೇಲೆ. ಹಾಗಾಗಿ ಈ ಅದ್ಲಿಯಾದ ಯಾವ ಓಣಿಯಲ್ಲಿ ಎಷ್ಟು ಮಂದಿ ಒಂದೇ ಕೋಣೆಯಲ್ಲಿದ್ದು ಅಡುಗೆ ಮಾಡಿಕೊಂಡಿದ್ದರು, ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳುಹಿಸಿದರು, ಹೆಂಡತಿ ಮಕ್ಕಳನ್ನು ಕರೆತರಲು ಎಷ್ಟು ವರ್ಷ ಕಾದರು ಎಂಬುದನ್ನು ಹೇಳುವ ಸರಕಾರಿ ಕಡತ ಎಲ್ಲಿಯೂ ಇಲ್ಲ. ಇಂದು ಊಟದ ಮನೆಗಳಿಗೂ ಚಿತ್ರಶಾಲೆಗಳಿಗೂ ಹೆಸರಾದ 338ನೆಯ ಬ್ಲಾಕಿನಲ್ಲಿ ನಡೆದಾಡುವ ಹುಡುಗನಿಗೆ ಅದು ತೋಚುವುದೂ ಇಲ್ಲ. ಅದು ಉಳಿದಿದ್ದರೆ ಮನೆಯ ಟ್ರಂಕಿನಲ್ಲಿ, ಸಂಘದ ನಡಾವಳಿ ಪುಸ್ತಕದಲ್ಲಿ, ಹಿರಿಯರ ನೆನಪಿನಲ್ಲಿ ಉಳಿದಿದೆ. ಕೆಲಸ ಮುಗಿಸಿ ಶಾಶ್ವತವಾಗಿ ಊರಿಗೆ ಹೊರಡುವ ಕುಟುಂಬವು ವಿಮಾನದ ತೂಕದ ಮಿತಿಯನ್ನು ಲೆಕ್ಕಹಾಕುವಾಗ ಮೊದಲು ಬಿಸಾಡುವುದು ಈ ಕಾಗದಗಳನ್ನೇ. ನಾನು ಮೇಲೆ ಹೇಳಿದ ಏಜೆಂಟರ ಪ್ರಶ್ನೆಯನ್ನು ಇನ್ನು ಇಪ್ಪತ್ತು ವರ್ಷ ಕಳೆದು ಕೇಳುವ ವಿದ್ಯಾರ್ಥಿಗೆ ಮಾರ್ಗದರ್ಶಕರು 'ಆಕರವಿಲ್ಲ, ಬೇರೆ ವಿಷಯ ನೋಡು' ಎನ್ನಬೇಕಾಗುತ್ತದೆ.

ಹಿರಿಯರ ನೆನಪುಗಳನ್ನು ಆಕರವಾಗಿ ಬಳಸುವುದಕ್ಕೂ ನಿಯಮಗಳಿವೆ. ಅಜ್ಜನೊಡನೆ ಊಟದ ಹೊತ್ತಿನಲ್ಲಿ ಆಡಿದ ಮಾತನ್ನು ನೆನಪಿನಿಂದ ಬರೆದುಕೊಂಡರೆ ಸಾಲದು. ಏಕೆ ಕೇಳುತ್ತಿದ್ದೇವೆ, ಎಲ್ಲಿ ಬಳಸುತ್ತೇವೆ ಎಂದು ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಧ್ವನಿ ಮುದ್ರಿಸಿಕೊಂಡು, ದಿನಾಂಕ ಮತ್ತು ಸ್ಥಳವನ್ನು ದಾಖಲಿಸಬೇಕು. ಹೆಸರು ಬೇಡವೆಂದವರ ಹೆಸರನ್ನು ಮರೆಮಾಡಬೇಕು. ಇನ್ನೂ ಇಲ್ಲಿಯೇ ದುಡಿಯುತ್ತಿರುವವರ ಮಾತುಗಳಲ್ಲಿ ಇದು ಬಹಳ ಮುಖ್ಯ. ಸಂದರ್ಶನಕ್ಕೆ ವಿಶ್ವವಿದ್ಯಾನಿಲಯದ ಸಮಿತಿಯ ಅನುಮತಿ ಬೇಕೇ ಎಂಬುದು ಒಂದೊಂದು ಕಡೆ ಒಂದೊಂದು ರೀತಿ; ರಜೆಗೆ ಮನೆಗೆ ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಇನ್ನು ನೆನಪು ತಪ್ಪುತ್ತದೆ ಎಂಬ ಆಕ್ಷೇಪ. ಇಟಲಿಯ ತೆರ್ನಿ ಪಟ್ಟಣದಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಯುವ ಕಾರ್ಮಿಕ 1949ರಲ್ಲಿ ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಸತ್ತ. ಮೂರು ದಶಕಗಳ ನಂತರ ಇತಿಹಾಸಕಾರ ಅಲೆಸ್ಸಾಂದ್ರೊ ಪೋರ್ತೆಲ್ಲಿ ಅಲ್ಲಿನ ಕಾರ್ಮಿಕರನ್ನು ಕೇಳಿದಾಗ ಅನೇಕರು ಆ ಸಾವನ್ನು 1953ಕ್ಕೆ, ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದಾಗಿನ ಗಲಭೆಗೆ ಜೋಡಿಸಿ ಹೇಳಿದರು. ಪೋರ್ತೆಲ್ಲಿ ಅದನ್ನು ತಪ್ಪೆಂದು ಬದಿಗಿಡದೆ, ಆ ಸಾವು ಕೆಲಸ ಕಳೆದುಕೊಂಡ ದಿನಗಳೊಡನೆ ಏಕೆ ಬೆಸೆದುಕೊಂಡಿತೆಂದು ಕೇಳಿದರು. ಆ ಪ್ರಬಂಧ ಮೌಖಿಕ ಇತಿಹಾಸದ ಅಧ್ಯಯನದಲ್ಲಿ ಪ್ರಸಿದ್ಧವಾಯಿತು. ಕಾಗದದ ದಾಖಲೆ ವರ್ಷವನ್ನು ಕೊಟ್ಟಿತು, ನೆನಪು ನೋವನ್ನು ಕೊಟ್ಟಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ್ದರಿಂದ ಇದು ಸಾಧ್ಯವಾಯಿತು.

ಭಾಷೆಯ ವಿಷಯವನ್ನು ಕೊನೆಯದಾಗಿ ಹೇಳಬೇಕೆಂದುಕೊಂಡಿದ್ದೆ. ಏಕೆಂದರೆ ನನ್ನ ಚಿಂತೆ ಹೆಚ್ಚಾಗಿರುವುದು ಅಲ್ಲಿಯೇ. ಸಂಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದರೂ ಆಕರಗಳು ಯಾವ ಭಾಷೆಯಲ್ಲಿಯೂ ಇರಬಹುದು. ಕನ್ನಡ ಪತ್ರದಿಂದ ಒಂದು ಮಾತನ್ನು ಉದ್ಧರಿಸುವಾಗ ಪಠ್ಯದಲ್ಲಿ ಅನುವಾದವನ್ನೂ ಅಡಿಟಿಪ್ಪಣಿಯಲ್ಲಿ ಮೂಲವನ್ನೂ ಕೊಟ್ಟು, ಅನುವಾದ ತನ್ನದೆಂದು ಸೂಚಿಸುವುದು ಕ್ರಮ. ಇತರ ವಿದ್ಯಾರ್ಥಿಗಳು ಓದಲಾಗದ ಆಕರವನ್ನು ಓದಬಲ್ಲವರಿಗೆ ಇತಿಹಾಸ ವಿಭಾಗದಲ್ಲಿ ತಾನಾಗಿ ಗೌರವ ದೊರೆಯುತ್ತದೆ. ಆದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕನ್ನಡ ಮಾತಾಡಬಲ್ಲವರು ಅನೇಕರಿದ್ದರೂ, ಅಜ್ಜಿಯ ಕೈಬರಹದ ಕಾಗದವನ್ನು ಓದಬಲ್ಲವರು ಎಷ್ಟು ಮಂದಿ? ಅಚ್ಚಿನ ಅಕ್ಷರ ಕಲಿತವರಿಗೂ ಕೈಬರಹ ಸುಲಭವಲ್ಲ. ಒತ್ತಕ್ಷರಗಳು ಬೆಸೆದುಕೊಂಡು, ಏರೋಗ್ರಾಮಿನ ಅಂಚಿನವರೆಗೂ ಸಣ್ಣದಾಗಿ ಬರೆದ ಸಾಲುಗಳ ಮುಂದೆ ಅವರು ಅನಕ್ಷರಸ್ಥರೇ. ಬೊಮ್ಮನ ಹೆಸರಿನ ಸ್ವರಕ್ಕಾಗಿ ವಿದ್ವಾಂಸರು ಮಂಗಳೂರಿಗೆ ಬರಬೇಕಾಯಿತು. ನಮ್ಮ ಮನೆಯ ಕಾಗದಗಳನ್ನು ಓದಲು ನಮ್ಮ ಮೊಮ್ಮಕ್ಕಳು ಯಾರನ್ನು ಹುಡುಕಿಕೊಂಡು ಹೋಗಬೇಕೋ ತಿಳಿಯದು. ವಾರಕ್ಕೊಂದು ದಿನ ನಡೆಯುವ ಕನ್ನಡ ತರಗತಿಗಳಲ್ಲಿ ಪಠ್ಯಪುಸ್ತಕದ ಜೊತೆಗೆ ಹಳೆಯ ಕಾಗದಗಳ ನಕಲುಗಳನ್ನು ಇಟ್ಟು ಓದಿಸಿದರೆ ಒಳ್ಳೆಯದೆಂದು ನನ್ನ ಸೂಚನೆ.

ಬರವಣಿಗೆಯ ವೇಳಾಪಟ್ಟಿಯ ಬಗ್ಗೆ ತಂದೆತಾಯಿಗಳಿಗೆ ಎರಡು ಮಾತು. ಪ್ರಸ್ತಾವ, ಗ್ರಂಥಸೂಚಿ, ರೂಪುರೇಖೆ, ಮೊದಲ ಕರಡು, ಸಹಪಾಠಿಗಳ ವಿಮರ್ಶೆ, ತಿದ್ದಿದ ಕರಡು, ಸಭೆಯ ಮುಂದೆ ಮಂಡನೆ ಎಂದು ಹಂತ ಹಂತವಾಗಿ ಗಡುವುಗಳಿರುತ್ತವೆ. ಪ್ರತಿ ಹಂತಕ್ಕೂ ಅಂಕವಿರುವುದುಂಟು. ಮೊದಲ ಕರಡು ಕೆಂಪು ಶಾಯಿಯಿಂದ ತುಂಬಿ ಮರಳಿ ಬರುತ್ತದೆ. ಅದು ಅಪಮಾನವಲ್ಲ; ಓದಿ ತಿದ್ದುವ ಅಧ್ಯಾಪಕರು ಸಿಕ್ಕಿದ್ದು ಭಾಗ್ಯ. ಆ ವಾರ ಮಗಳು ಫೋನಿನಲ್ಲಿ ಅಳುದನಿಯಲ್ಲಿ ಮಾತಾಡಿದರೆ 'ಎಂಜಿನಿಯರಿಂಗ್ ಮಾಡು ಎಂದಿದ್ದೆವು' ಎನ್ನದೆ, 'ನಿನ್ನ ಪ್ರಶ್ನೆ ಏನು?' ಎಂದು ಕೇಳಿ. ಎರಡು ವಾಕ್ಯಗಳಲ್ಲಿ ಅವಳು ಅದನ್ನು ನಿಮಗೆ ಹೇಳಬಲ್ಲಳಾದರೆ ಕೆಲಸ ಸರಿಯಾದ ಹಾದಿಯಲ್ಲಿದೆ.

ಇನ್ನು ಮನೆಯ ಕಾಗದಗಳ ಬಗ್ಗೆ. ಅವುಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಎರಡೂ ಕಾಗದವನ್ನು ಕೆಡಿಸುತ್ತವೆ. ಇಲ್ಲಿನ ತೇವಕ್ಕೆ ಹೆದರಿ ತಂಪಾದ ಒಣ ಕಪಾಟಿನಲ್ಲಿಡಿ. ಫೋಟೋಗಳ ಹಿಂದೆ, ಚಿತ್ರವಿಲ್ಲದ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಸ್ಥಳ, ವರ್ಷ ಬರೆಯಿರಿ, ಬಾಲ್‌ಪೆನ್ನು ಬೇಡ. ಪತ್ರವನ್ನು ಲಕೋಟೆಯಿಂದ ಬೇರ್ಪಡಿಸಬೇಡಿ, ಅಂಚೆಯ ಮುದ್ರೆಯಲ್ಲಿ ದಿನಾಂಕವಿರುತ್ತದೆ. ಊರಿಗೆ ಹೊರಡುವಾಗ ಕೊಂಡೊಯ್ಯಲಾಗದಿದ್ದರೆ ಫೋನಿನಲ್ಲಿ ಎರಡೂ ಬದಿಗಳ ಚಿತ್ರ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಯಾರೋ ಗೀಚಿದ ಲೆಕ್ಕವಿದ್ದರೆ ಅದನ್ನೂ ಬಿಡಬೇಡಿ.